1967ರ ಫೋರ್ಡ್ ಮಸ್ಟಾಂಗ್ ಕಾರು: ನಟ್ಟು ಬಿಗಿದರೆ ಸೀಟು ಸರಿಯುತ್ತಿಲ್ಲವೇ?

ಹೊಸ ಬಕೆಟ್ ಸೀಟು ನಟ್ಟು ಬಿಗಿದ ಕೂಡಲೇ ಹಿಂದೆಮುಂದೆ ಸರಿಯಲ್ಲ ಅಂದಿರಿ. ಬಹುಶಃ ತಪ್ಪು ಸೀಟಿನದಲ್ಲ ಸಾರ್. ಹಳೇ ಫ್ಲೋರ್ ಸೊಟ್ಟಗಾಗಿರುತ್ತೆ, ಬಿಗಿದಷ್ಟೂ ಸೀಟಿನಡಿಯ ರೈಲು (ಸೀಟು ಸರಿಯುವ ಹಳಿ) ತಿರುಚಿಕೊಳ್ಳುತ್ತೆ.

ಗಾಡಿಯನ್ನು ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಅಡಿಯ ರಬ್ಬರ್ ಪ್ಲಗ್ ತೆಗೆದು ನಾಲ್ಕೂ ನಟ್ಟು ಸಡಿಲಿಸಿ. ರೈಲುಗಳ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ, ಒಂದೆರಡು ಮಿ.ಮೀ. ಹೆಚ್ಚುಕಮ್ಮಿಯಾದರೂ ಸ್ಲೈಡರ್ ಹಿಡಿದುಕೊಳ್ಳುತ್ತೆ. ರೈಲಿನಡಿ ಕಾರ್ಪೆಟ್ ಮಡಿಕೆ ಸಿಕ್ಕಿದ್ದರೆ ಕತ್ತರಿಸಿ. ಸಂದು ಕಂಡ ಮೂಲೆಗೆ ಉಕ್ಕಿನ ವಾಷರ್ ಕೊಡಿ. ರಬ್ಬರ್ ಬೇಡವೇ ಬೇಡ, ಅದು ಕುಗ್ಗಿ ನಟ್ಟು ಸಡಿಲಾಗುತ್ತೆ. ಆಮೇಲೆ ಸೀಟು ಸರಿಸಿ ನೋಡುತ್ತಾ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಬೆಲ್ಟನ್ನು ಮಾತ್ರ, ಹೊಸ ಸೀಟನ್ನು ಫ್ಲೋರಿಗೆ ಜೋಡಿಸುವ ಅಡಾಪ್ಟರ್ ಬ್ರಾಕೆಟ್‌ಗೆ ಸಿಕ್ಕಿಸಬೇಡಿ. ಫ್ಲೋರಿನಲ್ಲಿ ಬೆಲ್ಟಿಗೆಂದೇ ಇರುವ ಮೂಲ ಆಂಕರ್‌ಗೇ, 7/16 ಇಂಚಿನ ಸೀಟ್‌ಬೆಲ್ಟ್ ಬೋಲ್ಟಿನಲ್ಲೇ ಕೂರಿಸಿ.