ಆಜ್ಞೆ ಕೊಟ್ಟವರು ಯಾರು?

ಮಾನ್ಯರೇ,

ಬೇಹುಗಾರಿಕೆಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಬದಿಯಡ್ಕದಿಂದ ಪತ್ರ ಬರೆದಿದ್ದೀರಿ. 1954ರ ಈಜಿಪ್ಟ್ ಕಾರ್ಯಾಚರಣೆ ಕೆಟ್ಟಾಗ ಇಸ್ರೇಲಿನ ಸೇನಾ ಗುಪ್ತಚರ ವಿಭಾಗದ ಮುಖ್ಯಸ್ಥ ಬಿನ್ಯಾಮಿನ್ ಗಿಬ್ಲಿಯವರನ್ನು ರಾಜಕಾರಣಿಗಳು ಬಲಿಪಶು ಮಾಡಿದರೆಂಬುದು ನಿಮ್ಮ ಆಕ್ಷೇಪ. ಸೆರೆಸಿಕ್ಕ ಯುವಕರ ಗತಿ ಏನಾಯಿತೆಂಬುದು ಪ್ರಶ್ನೆ. ಆಕ್ಷೇಪವನ್ನು ನಾನು ಒಪ್ಪಲಾರೆ.

ಈಜಿಪ್ಟಿನಲ್ಲಿ ಯಾರಿಗೂ ಭದ್ರತೆಯಿಲ್ಲವೆಂದು ತೋರಿಸಿ, ಬ್ರಿಟಿಷ್ ಸೇನೆ ಸೂಯೆಜ್ ಕಾಲುವೆ ಪ್ರದೇಶವನ್ನು ಬಿಟ್ಟು ಹೋಗದಂತೆ ಮಾಡುವುದು ಅಂದಿನ ಹಂಚಿಕೆಯಾಗಿತ್ತು. ಅದಕ್ಕಾಗಿ ಅಲ್ಲಿಯ ಯಹೂದಿ ಯುವಕರಿಂದಲೇ ಜುಲೈ 2ರಂದು ಅಲೆಕ್ಸಾಂಡ್ರಿಯದ ಅಂಚೆ ಕಚೇರಿಯಲ್ಲಿ, 14ರಂದು ಅಮೆರಿಕದ ಗ್ರಂಥಾಲಯಗಳಲ್ಲಿ ಬಾಂಬು ಇಡಿಸಲಾಯಿತು. 23ರಂದು ಅಲೆಕ್ಸಾಂಡ್ರಿಯದ ಸಿನಿಮಾ ಮಂದಿರವೊಂದರ ಬಾಗಿಲಲ್ಲೇ, ಕನ್ನಡಕದ ಡಬ್ಬಿಯಲ್ಲಿ ಅಡಗಿಸಿದ್ದ ಬಾಂಬು ಫಿಲಿಪ್ ನಾಟಾನ್ಸನ್ ಎಂಬ ಯುವಕನ ಜೇಬಿನಲ್ಲಿ ಹೊತ್ತಿಕೊಂಡಿತು. ಅವನ ಹಿಂದೆಯೇ ಉಳಿದವರೂ ಸಿಕ್ಕಿಬಿದ್ದರು.

ಈಗ ದಿನಾಂಕಗಳನ್ನು ನೋಡಿ. ರಕ್ಷಣಾ ಸಚಿವ ಪಿನ್ಹಾಸ್ ಲಾವೋನ್ ತಮಗೆ ಬಾಯಿಮಾತಿನ ಆಜ್ಞೆ ಕೊಟ್ಟದ್ದು ಜುಲೈ 16ರ ಭೇಟಿಯಲ್ಲಿ ಎಂದು ಗಿಬ್ಲಿ ಹೇಳಿದರು. ಆ ಮಾತನ್ನು ಹಾಗೆಯೇ ನಂಬಿದರೂ ಎರಡು ಕಡೆಯ ಬಾಂಬುಗಳು ಅದಕ್ಕೆ ಮೊದಲೇ ಸಿಡಿದಿದ್ದವಲ್ಲ! ಭೇಟಿ ನಡೆದದ್ದು ಬಂಧನಗಳಾದ ಮೇಲೆ, 31ರಂದು ಎಂಬುದು ಲಾವೋನ್ ಅವರ ವಾದ. ಸಾಕ್ಷಿಗಳಿರಲಿಲ್ಲ, ಲಿಖಿತ ಆದೇಶವೂ ಇರಲಿಲ್ಲ. ನಮ್ಮ ವಿಲೇಜ್ ಆಫೀಸಿನಲ್ಲಿ ಒಂದು ಸರ್ಟಿಫಿಕೇಟಿಗೆ ಕೂಡ ಸಹಿ, ಮೊಹರು, ನಂಬರು ಬೇಕು. ಪರದೇಶದಲ್ಲಿ ಬಾಂಬು ಇಡಿಸಲು ಒಂದು ಚೀಟಿಯೂ ಬೇಡವಾಯಿತು. ಇದ್ದ ಒಂದು ಕಾಗದವಾದರೂ ನೆಟ್ಟಗಿರಲಿಲ್ಲ: ಗಿಬ್ಲಿ ದಂಡನಾಯಕ ಮೋಶೆ ದಯಾನ್ ಅವರಿಗೆ ಬರೆದ ಪತ್ರದ ಪ್ರತಿಯಲ್ಲಿ ಲಾವೋನ್ ಅವರ ಆಜ್ಞೆಯ ಉಲ್ಲೇಖವನ್ನು ಆಮೇಲೆ ಸೇರಿಸಿ ಟೈಪ್ ಮಾಡಿದ್ದಾಗಿ ಗಿಬ್ಲಿಯವರ ಕಾರ್ಯದರ್ಶಿಯೇ 1960ರಲ್ಲಿ ಒಪ್ಪಿಕೊಂಡರು.

ವಿಚಾರಣಾ ಸಮಿತಿಗೆ ಹೊಣೆ ಯಾರದೆಂದು ನಿರ್ಧರಿಸಲಾಗಲಿಲ್ಲ. 1955ರಲ್ಲಿ ಲಾವೋನ್ ರಾಜೀನಾಮೆ ಕೊಟ್ಟರು, ಗಿಬ್ಲಿಯವರ ಹುದ್ದೆ ಹೋಯಿತು. ಆದರೆ ಅವರು ಸೇನೆಯಲ್ಲೇ ಉಳಿದು ಮುಂದೆ ಗೊಲಾನಿ ಬ್ರಿಗೇಡನ್ನು ಮುನ್ನಡೆಸಿದರು. ಇದು ಬಲಿಪಶುವಿನ ಪಾಡಲ್ಲ. ಸಚಿವರು ನಿರ್ದೋಷಿ ಎಂದು ಮಂತ್ರಿಗಳ ಸಮಿತಿ ಹೇಳಿದ್ದು 1960ರಲ್ಲಿ. ಅದನ್ನು ಸಹಿಸದ ಬೆನ್ ಗುರಿಯನ್ ಮರುವರ್ಷವೇ ಪ್ರಧಾನಿ ಪದವಿಗೆ ರಾಜೀನಾಮೆ ಕೊಟ್ಟರು.

ಇನ್ನು ನಿಮ್ಮ ಪ್ರಶ್ನೆ. ವೈದ್ಯ ಮೋಶೆ ಮಾರ್ಜುಕ್ ಮತ್ತು ಶಿಕ್ಷಕ ಶ್ಮುಯೆಲ್ ಅಜರ್ ಅವರನ್ನು 1955ರ ಜನವರಿ 31ರಂದು ಕೈರೋದಲ್ಲಿ ಗಲ್ಲಿಗೇರಿಸಲಾಯಿತು. ನಾಟಾನ್ಸನ್ ಸೇರಿದಂತೆ ನಾಲ್ವರು 1967ರ ಯುದ್ಧದ ಬಳಿಕ ಕೈದಿಗಳ ವಿನಿಮಯದಲ್ಲಿ, 1968ರಲ್ಲಿ ಬಿಡುಗಡೆಯಾದರು.

— ಸಂಪಾದಕ