ಬಿಟ್ಟ ಮೀನು ಹೊಟ್ಟೆ ಮೇಲಾಗಿ ತೇಲೋದಕ್ಕೆ

ಶಿಂಷಾ ಕಡೆ ಹಳ್ಳದಲ್ಲಿ ಹಿಡಿದು ವಾಪಸ್ ಬಿಟ್ಟ ಮೀನು ಸಾಯ್ತಿದೆ ಅಂದ್ರಲ್ಲ, ಬಹುಶಃ ಒಣಗೈಲಿ ಹಿಡಿದು ಫೋಟೋ ಗೀಟೋ ಅಂತ ಜಾಸ್ತಿ ಹೊತ್ತು ಮೇಲೆ ಇಟ್ಕೋತಿದೀರ, ಮೈಮೇಲಿನ ಲೋಳೆ ಹೋದ್ರೆ ಮೀನಿಗೆ ಬೂಸ್ಟು ಹಿಡಿಯುತ್ತೆ.

ಮೊದ್ಲು, ಗಾಳ ಹಾಕೋ ಮುಂಚೆನೇ, ಅದರ ಒಳಮುಳ್ಳನ್ನ (ತುದಿ ಹತ್ರ ಹಿಂದಕ್ಕೆ ಚಾಚಿರೋ ಚಿಕ್ಕ ಮುಳ್ಳು) ಇಕ್ಕಳದಲ್ಲಿ ಅಮುಕಿಬಿಡಿ, ಆಮೇಲೆ ಕೈ ಒದ್ದೆ ಮಾಡ್ಕೊಂಡು ನೀರೊಳಗೇ ಬಿಡಿಸಿ, ಗಾಳ ನುಂಗಿದ್ರೆ ಕೀಳೋಕೆ ಹೋಗ್ಬೇಡಿ, ಬಾಯಿ ಹತ್ರ ದಾರ ಕತ್ತರಿಸಿ (ಬದುಕೋದು ಗ್ಯಾರಂಟಿ ಇಲ್ಲ, ಆದ್ರೂ ಕಿತ್ತಿದ್ದಕ್ಕಿಂತ ವಾಸಿ). ನೀರು ಬರೋ ಕಡೆ ಮುಖ ಮಾಡಿ ಹಿಡ್ಕೊಳ್ಳಿ, ಕಿವಿರು ಆಡಿ ಬಾಲ ಒದ್ದಾಗ ಬಿಡಿ.

ಜಿಲೇಬಿ ಮೀನು (ತಿಲಾಪಿಯಾ) ಆದ್ರೆ ವಾಪಸ್ ಬಿಡ್ಲೇಬೇಡಿ, ಆಫ್ರಿಕಾದಿಂದ ಬಂದಿದ್ದು, ಸಾರಿಗೇ ಸರಿ. ಮಹಶೀರ್ ಅನ್ನೋ ದೊಡ್ಡ ಜಾತಿ ಮೀನಿನ ಮರಿ, ಮಳೆಗಾಲದ ಹೊಸನೀರಿಗೆ ಹತ್ತಿಬರೋ ಮೊಟ್ಟೆ ತುಂಬಿದ ಮೀನು ಮಾತ್ರ ಬಿಟ್ಬಿಡಿ.