ಚೀತಾಗಳಿಗೆ ಬಿಸಿಲಿಗಿಂತ ಮಳೆ ಮುಳುವಾಯಿತು

ನಿಮ್ಮ ಪ್ರಶ್ನೆ ಇದು: ಆಫ್ರಿಕಾದಿಂದ ಮಧ್ಯಪ್ರದೇಶದ ಕುನೊ ಕಾಡಿಗೆ ತಂದ ಚೀತಾಗಳು ಸತ್ತದ್ದು ನಮ್ಮ ಬಿಸಿಲು ತಡೆಯಲಾರದೆಯಾ? ಬಾಗಲಕೋಟೆಯ ಯಡಹಳ್ಳಿಯಲ್ಲಿ ಬಿಟ್ಟರೆ ಬದುಕುತ್ತವಾ?

ನಾನು ಬೀಳಗಿ ತಾಲೂಕಿನವನು. ಮನೆಯಲ್ಲಿ ಕುರಿ ಇವೆ, ಒಂದು ಮುಧೋಳ ನಾಯಿ ಇದೆ. ಚೀತಾಗಳ ಕಷ್ಟ ನನಗೆ ಅರ್ಥವಾದದ್ದು ಆ ನಾಯಿಯಿಂದ.

ಬಿಸಿಲಿನ ಪಾಲೂ ಇದೆ. 2023ರ ಮೇ ತಿಂಗಳಲ್ಲಿ ಜ್ವಾಲಾ ಎಂಬ ಚೀತಾದ ನಾಲ್ಕು ಮರಿಗಳಲ್ಲಿ ಮೂರು ಸತ್ತದ್ದು ಉರಿಬಿಸಿಲಲ್ಲೇ, ಮೊದಲೇ ಸೊರಗಿದ್ದವು. ಆದರೆ ಅದೇ ವರ್ಷದ ಜುಲೈನಲ್ಲಿ ತೇಜಸ್, ಸೂರಜ್ ಎಂಬ ಬೆಳೆದ ಗಂಡುಗಳು ಒಂದೇ ವಾರದಲ್ಲಿ ಸತ್ತವಲ್ಲ, ಅದಕ್ಕೆ ಮಳೆಗಾಲದ ನಂಟಿದೆ. ಅವುಗಳ ನಾಡಿನಲ್ಲಿ ಜೂನ್‌ನಿಂದ ಚಳಿ. ಇಲ್ಲಿಗೆ ಬಂದರೂ ಮೈ ಹಳೇ ಲೆಕ್ಕವನ್ನೇ ಹಿಡಿದಿತ್ತು. ಚಳಿಗಾಲದ ದಪ್ಪ ಕೂದಲು ಬೆಳೆಯಿತು, ಮೇಲೆ ನಮ್ಮ ಮಳೆ ಸುರಿಯಿತು. ಕೊರಳಲ್ಲಿ ರೇಡಿಯೊ ಪಟ್ಟಿ. ಅದರ ಕೆಳಗೆ ಕೂದಲು ಒಣಗುವುದೇ ಇಲ್ಲ. ಮೊದಲು ತುರಿಕೆ, ಆಮೇಲೆ ಗಾಯ, ಗಾಯಕ್ಕೆ ನೊಣ, ಹುಳ, ಕೊನೆಗೆ ರಕ್ತಕ್ಕೇ ನಂಜು.

ನಮ್ಮ ನಾಯಿಗೆ ಒಂದು ಶ್ರಾವಣದಲ್ಲಿ ಹೀಗೇ ಆಗಿತ್ತು. ಚರ್ಮದ ಪಟ್ಟಿ ಕಟ್ಟಿದ್ದೆ. ನಾಲ್ಕು ದಿನ ಜಿಟಿಜಿಟಿ ಮಳೆ. ನಾಯಿ ರೊಟ್ಟಿ ಮುಟ್ಟಲಿಲ್ಲ, ತಲೆ ಒಂದೇ ಕಡೆ ವಾಲಿಸಿಕೊಂಡು ಕೂತಿತ್ತು. ಹತ್ತಿರ ಹೋದರೆ ಕೊಳೆತ ವಾಸನೆ. ಪಟ್ಟಿ ಬಿಚ್ಚಿದೆ. ಕೂದಲಿನ ಕೆಳಗೆ ರೂಪಾಯಿ ನಾಣ್ಯದಷ್ಟು ತೂತು, ಒಳಗೆ ಅಕ್ಕಿಕಾಳಿನಂಥ ಹುಳ ಗಿಜಿಗಿಜಿ ಅನ್ನುತ್ತಿದ್ದವು. ಅಪ್ಪ ಸೀತಾಫಲದ ಎಲೆ ಅರೆದು ತುಂಬಿದರು. ಮರುದಿನ ಇಬ್ಬರೂ ಕೂತು ಚಿಮಟದಿಂದ ಒಂದೊಂದೇ ತೆಗೆದೆವು. ಕೈಗೆ ಸಿಗುವ ನಾಯಿ, ಉಳಿಯಿತು. ಕಾಡಿನಲ್ಲಿ ತಿರುಗುವ ಚೀತಾದ ಪಟ್ಟಿ ಕೆಳಗೆ ದಿನಾ ಯಾರು ಕೈ ಹಾಕಿ ನೋಡುತ್ತಾರೆ? ಆ ಸಾವುಗಳ ನಂತರ ಉಳಿದವನ್ನು ಹಿಡಿದು ಆವರಣಕ್ಕೆ ತಂದು ಚಿಕಿತ್ಸೆ ಕೊಟ್ಟರು. ಜ್ವಾಲಾಳ ಉಳಿದೊಂದು ಮರಿಯನ್ನೂ ಮನುಷ್ಯರೇ ಸಾಕಿದರು. ಅದರ ಹೆಸರು ಮುಖಿ. 2025ರ ನವೆಂಬರ್‌ನಲ್ಲಿ ಅದು ಐದು ಮರಿ ಹಾಕಿತು ಎಂದು ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ನು ಯಡಹಳ್ಳಿ. ಚಿಂಕಾರ ಎಂಬ ಸಣ್ಣ ಹುಲ್ಲೆಗಾಗಿಯೇ ಇರುವ ವನ್ಯಜೀವಿ ಧಾಮ ಅದು. ಕುರುಚಲು ಗುಡ್ಡ, ಬಯಲು. ಚಿಂಕಾರ ಚೀತಾಕ್ಕೆ ಹೇಳಿ ಮಾಡಿಸಿದ ಬೇಟೆ. ಆದರೆ ಜಾಗ ಸುಮಾರು 96 ಚದರ ಕಿಲೋಮೀಟರ್. ಕುನೊ ರಾಷ್ಟ್ರೀಯ ಉದ್ಯಾನ 748, ಅಲ್ಲಿಂದಲೇ ಚೀತಾಗಳು ರಾಜಸ್ಥಾನದವರೆಗೆ ಹೋಗಿ ಬಂದಿವೆ. ಇಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಯಾರದೋ ಕಬ್ಬಿನ ಹೊಲದಲ್ಲಿ ಇರುತ್ತದೆ.

ಚೀತಾ ಚಿರತೆಯ ಹಾಗೆ ಬಚ್ಚಿಟ್ಟುಕೊಂಡು ಬದುಕುವ ಪ್ರಾಣಿ ಅಲ್ಲ. 2022ರ ಆಗಸ್ಟ್ ನೆನಪಿದೆಯಲ್ವಾ? ಬೆಳಗಾವಿಯ ಗಾಲ್ಫ್ ಮೈದಾನ ಸೇರಿದ ಚಿರತೆಗೆ ವಾರಗಟ್ಟಲೆ ಹುಡುಕಿದರು. ಶಿವಮೊಗ್ಗದ ಸಕ್ರೆಬೈಲು ಆನೆ ಶಿಬಿರದಿಂದ ಆನೆ ತರಿಸಿದರು, ಸುತ್ತಲ ಶಾಲೆಗಳಿಗೆ ರಜೆ ಕೊಟ್ಟರು. ಸಿಗಲೇ ಇಲ್ಲ. ಚೀತಾ ಹಗಲಲ್ಲಿ, ಬಯಲಲ್ಲಿ ಓಡಿ ಬೇಟೆಯಾಡುತ್ತದೆ. ಮುಧೋಳ ನಾಯಿಯ ಹಾಗೆ ಸಣ್ಣ ನಡು, ಉದ್ದ ಕಾಲು, ಓಟಕ್ಕೇ ಆದ ಮೈ. ಜಗಳಕ್ಕೆ ಬಾರದು. ಕಾಲು ಉಳುಕಿದರೆ ಅವತ್ತಿಂದ ಉಪವಾಸ. ಚಿರತೆ ಬಂದರೆ ಹಿಡಿದ ಬೇಟೆಯನ್ನೂ ಬಿಟ್ಟು ಸರಿಯುತ್ತದೆ. ಅಂಥದ್ದು ಹಾಡಹಗಲೇ ಕುರಿಹಿಂಡಿನ ಹತ್ತಿರ ಕಾಣಿಸಿದರೆ ಜನ ಇದು ಚೀತಾ, ಅದು ಚಿರತೆ ಅಂತ ನೋಡುವುದಿಲ್ಲ. ಬಡಿಗೆ ಹಿಡಿದು ಬರುತ್ತಾರೆ. ಹಿಂಡಿನ ನಾಯಿಗಳೂ ಬಿಡುವುದಿಲ್ಲ.

ಹಾಗಾಗಿ ಇಲ್ಲಿ ಚೀತಾ ಬೇಡ. ಇರುವ ಚಿಂಕಾರ ಉಳಿಯಲಿ. ಅವನ್ನು ಊರ ಬೀದಿನಾಯಿಗಳು ಅಟ್ಟುತ್ತವೆ, ನಮ್ಮ ಕಡೆ ಮೊದಲು ಕೈ ಹಾಕಬೇಕಾದದ್ದು ಅದಕ್ಕೆ. ಒಮ್ಮೆ ಬನ್ನಿ, ಬೆಳಗ್ಗೆ ಎಳೆಬಿಸಿಲಿಗೆ ಹೋಗೋಣ. ಸುಮ್ನೆ ಕೂತಿದ್ದರೆ ಸಾಕು. ನಮ್ಮನ್ನು ಕಂಡ ಕೂಡಲೇ ಚಿಂಕಾರ ಮುಂಗಾಲು ನೆಲಕ್ಕೆ ಬಡಿದು, ಸೀನಿದ ಹಾಗೆ ಒಂದು ಸದ್ದು ಮಾಡಿ, ಆಮೇಲೆ ಓಡುತ್ತದೆ.